ಬಣ್ಣ ಹಚ್ಚದ ಆಂಪ್ಲಿಫೈಯರ್

ಆಂಪ್ಲಿಫೈಯರ್ ಕಟ್ಟುವ ಆ ಮನುಷ್ಯನನ್ನು ಎಲ್ಲರೂ ತಂತಿ ಮೇಷ್ಟ್ರು ಅನ್ನುತ್ತಿದ್ದರು. ಯಾರಿಗೂ ಪಾಠ ಹೇಳಿದವರಲ್ಲ. ಅಂಗಡಿಗೆ ಬಂದವರಿಗೆಲ್ಲ ಪರೀಕ್ಷೆ ಮಾತ್ರ ತಪ್ಪದೆ ಇಡುತ್ತಿದ್ದರು. ಗಿರಾಕಿಯನ್ನು ಪರದೆಯ ಈಚೆ ಕೂರಿಸಿ, ಹಾಡನ್ನು ಒಮ್ಮೆ ತಮ್ಮ ಪೆಟ್ಟಿಗೆಯ ಮೂಲಕ, ಇನ್ನೊಮ್ಮೆ ಅದನ್ನು ಬಿಟ್ಟು ಬರಿಯ ತಂತಿಯ ಮೂಲಕ ಹಾಯಿಸಿ, "ಯಾವುದು ಯಾವುದು, ಹೇಳಿ ನೋಡೋಣ" ಅನ್ನುತ್ತಿದ್ದರು. ಎಂಥ ಕಿವಿಯ ಪಂಡಿತನೂ ಸೋಲುತ್ತಿದ್ದ. ಮೇಷ್ಟ್ರಿಗೆ ಆಗ ಸ್ವರ್ಗಕ್ಕೆ ಮೂರೇ ಗೇಣು.

ಏನು ಹೇಳೋಣ, ಹಾಗೆ ಸೋತವರೇ ತಿಂಗಳೊಪ್ಪತ್ತಿನಲ್ಲಿ ಪೆಟ್ಟಿಗೆ ಹೊತ್ತು ವಾಪಸು ಬರುತ್ತಿದ್ದರು.

"ತಪ್ಪು ಅಂತ ಏನೂ ಇಲ್ಲ ಮೇಷ್ಟ್ರೇ. ಆದ್ರೆ ಮನಸ್ಸು ತುಂಬಲ್ಲ. ಸ್ವಲ್ಪ ಬೆಚ್ಚಗೆ ಮಾಡ್ಕೊಡಿ."

"ಬೆಚ್ಚಗೆ ಬೇಕಾದ್ರೆ ಕಂಬಳಿ ಹೊದ್ಕೊಂಡು ಕೇಳಿ."

ಹಾಡಿದವರು ಹಾಡಿದ್ದನ್ನು ಹಾಗೇ ದಾಟಿಸಬೇಕು, ನಡುವೆ ನಿಂತು ಬಣ್ಣ ಹಚ್ಚಲು ತಾನ್ಯಾರು ಎಂಬುದು ಅವರ ಹಟ. ಆ ಹಟದಿಂದ ವ್ಯಾಪಾರ ಅಷ್ಟಕ್ಕಷ್ಟೇ ಆಯಿತು. "ಸುಳ್ಳು ಹೇಳೋಕೆ ಬಾರದವರು ಅಂಗಡಿ ಯಾಕೆ ಇಡಬೇಕು" ಎಂದು ಹೆಂಡತಿ ಹಣೆ ಚಚ್ಚಿಕೊಂಡಳು.

ಇಂಥವರ ಬಳಿಗೆ ಒಂದು ದಿನ ಅಣ್ಣನ ಮಗಳು ಬಂದಳು, ಸುಟ್ಟುಹೋದ ಹಳೆಯ ಆಂಪ್ಲಿಫೈಯರನ್ನು ಎದೆಗವಚಿಕೊಂಡು. ಅದು ಮೇಷ್ಟ್ರು ಕೆಲಸ ಕಲಿಯುವಾಗ ಅಣ್ಣನಿಗೆಂದು ಕಟ್ಟಿಕೊಟ್ಟದ್ದು. ಸದಾ ಗುಂಯ್‌ಗುಡುವ, ಯಾರ ದನಿಯನ್ನಾದರೂ ದಪ್ಪ ಮಾಡುವ ಅರೆಬೆಂದ ಕೆಲಸ. ಅಣ್ಣ ತೊಟ್ಟಿಲ ಮಗುವಿಗೆ ಒಂದು ಕಥೆ ಹೇಳಿ ಟೇಪಿನಲ್ಲಿ ತುಂಬಿಟ್ಟಿದ್ದ. ಮಗು ನಡೆಯಲು ಕಲಿಯುವ ಮೊದಲೇ ಅಣ್ಣ ಎದೆಯ ಕಾಯಿಲೆಯಲ್ಲಿ ತೀರಿಕೊಂಡ. ಅವಳು ಅಪ್ಪನನ್ನು ಕಂಡದ್ದೆಲ್ಲ ಆ ಟೇಪಿನಲ್ಲಿ, ಆ ಪೆಟ್ಟಿಗೆಯಲ್ಲಿ. ಹೋದ ವರ್ಷ ಅತ್ತಿಗೆಯೂ ಕಣ್ಣು ಮುಚ್ಚಿದ್ದರು.

"ರಿಪೇರಿ ಆಗಲ್ಲಮ್ಮ, ಹೊಸದು ಕೊಡ್ತೀನಿ. ನನ್ನ ಕೈಯಲ್ಲಿ ಇದಕ್ಕಿಂತ ಒಳ್ಳೇದು ಆಗಿಲ್ಲ" ಎಂದು ಮೇಷ್ಟ್ರು ತಾವು ಕಟ್ಟಿದ್ದರಲ್ಲೇ ಉತ್ತಮವಾದದ್ದನ್ನು ಎತ್ತಿಟ್ಟರು. ಅಣ್ಣ ಹೋದಮೇಲೆ ಆ ಟೇಪು ಕೇಳುವ ಧೈರ್ಯ ಅವರಿಗೇ ಬಂದಿರಲಿಲ್ಲ.

ಟೇಪು ತಿರುಗಿತು. ತೆಳುವಾದ, ತುಸು ಮೂಗಿನಲ್ಲಿ ಬರುವ ದನಿ. ಒಂದೊಂದು ವಾಕ್ಯದ ನಡುವೆಯೂ ಉಸಿರು ಸಿಕ್ಕಿ, ಸಾವರಿಸಿಕೊಂಡು ಮುಂದುವರಿಯುವುದು ಕೇಳುತ್ತಿತ್ತು. ಅಣ್ಣ ಬೆನ್ನ ಹಿಂದೆಯೇ ಬಂದು ನಿಂತಂತಾಗಿ ಮೇಷ್ಟ್ರ ಕಣ್ಣು ತುಂಬಿತು. ಬದುಕಿಡೀ ಹಟ ಹಿಡಿದದ್ದು ಈ ಗಳಿಗೆಗೇ ಅನ್ನಿಸಿತು.

"ಇದ್ಯಾರು ಚಿಕ್ಕಪ್ಪ?"

ತಿರುಗಿ ನೋಡಿದರೆ ಹುಡುಗಿಯ ಮುಖ ಬಿಳಿಚಿಕೊಂಡಿತ್ತು.

"ನಿಮ್ಮಪ್ಪನೇ. ಅವನ ದನಿ ಇದ್ದದ್ದೇ ಹೀಗೆ."

"ಅಲ್ಲ. ಅಪ್ಪಂದು ದಪ್ಪ ದನಿ. ಇದು ಯಾರೋ ಕಾಯಿಲೆಯವರು. ಅಮ್ಮನೂ ಇಲ್ಲ. ನನಗೆ ಉಳಿದಿರೋದು ಆ ದನಿಯೊಂದೇ. ವಾಪಸ್ ಕೊಡಿ ಚಿಕ್ಕಪ್ಪ."

ಪರದೆಯ ಪರೀಕ್ಷೆ ಮೇಷ್ಟ್ರ ನಾಲಗೆಯ ತುದಿಗೆ ಬಂದಿತ್ತು. ತಾಯಿಯೂ ಇಲ್ಲದ ಮಗುವಿನ ಮುಂದೆ ಅದೆಂಥ ಪರೀಕ್ಷೆ? ಅವರು ಬೆಸುಗೆಯ ಸಲಾಕೆ ಕಾಯಲಿಟ್ಟು ಹೊಸ ಪೆಟ್ಟಿಗೆಯ ಮುಚ್ಚಳ ಬಿಚ್ಚಿದರು.

ಸ್ಪೀಕರಿಗೆ ಹೋಗುವ ದಾರಿಯಲ್ಲಿ ಒಂದು ರೆಸಿಸ್ಟರ್ ಕೂರಿಸಿದರು. ದನಿ ಬಿಗಿ ಕಳೆದು ತುಸು ದಪ್ಪವಾಯಿತು.

"ಈಗ?"

"ಇನ್ನೂ ಸ್ವಲ್ಪ."

ಕಂಡೆನ್ಸರ್ ಹಾಕಿ ಮೇಲಿನ ಸ್ವರಗಳನ್ನು ಕತ್ತರಿಸಿದರು. ಅಣ್ಣನ ಉಸಿರು ಕೇಳಿಸದಾಯಿತು.

"ಈಗ?"

"ಹತ್ತಿರ ಬಂತು. ಆ ಗುಂಯ್ ಅನ್ನೋದು ಇಲ್ವಲ್ಲ."

ಅದನ್ನು ಅಡಗಿಸಲು ಕಲಿಯುವುದರಲ್ಲೇ ಮೇಷ್ಟ್ರ ಪ್ರಾಯ ಕಳೆದಿತ್ತು. ಈಗ ಒಂದು ತಂತಿಯ ಬೆಸುಗೆಯನ್ನು ತಾವೇ ಬಿಚ್ಚಿ ಆ ಗುಂಯ್ ಸದ್ದನ್ನು ಕರೆತಂದರು. ದಪ್ಪ ದನಿಯ ಯಾರೋ ಒಬ್ಬ ಅಪರಿಚಿತ ಕೋಣೆಯಲ್ಲಿ ಕೂತು ಕಥೆ ಹೇಳತೊಡಗಿದ. ಹುಡುಗಿ ಸ್ಪೀಕರಿನ ಬಳಿ ನೆಲದ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತಳು.

"ಇವರೇ ಅಪ್ಪ. ನಿಮಗೂ ಗುರುತು ಸಿಕ್ತಲ್ವಾ ಚಿಕ್ಕಪ್ಪ?"

ಅಣ್ಣನ ನಿಜವಾದ ದನಿಯನ್ನು ಬಲ್ಲವರು ಲೋಕದಲ್ಲಿ ಇನ್ನು ತಾವೊಬ್ಬರೇ ಎಂದು ಮೇಷ್ಟ್ರಿಗೆ ಆಗ ತಿಳಿಯಿತು. ಮುಚ್ಚಳದ ಸ್ಕ್ರೂಗಳನ್ನು ನಿಧಾನವಾಗಿ ಬಿಗಿದರು.

"ಹೌದಮ್ಮ," ಅಂದರು. "ಅಣ್ಣನೇ."