ಮೊರದ ಗಾಳಿಯಲ್ಲಿ ಹೋದ ಹೆಸರು

ನಮ್ಮ ಮಾಳಿಗೆಯ ಮೇಲೆ ಒಂದು ತಗಡಿನ ಪಂಖ ಗಾಳಿಗೆ ತಿರುಗುತ್ತದೆ. ಅದರ ಮಗ್ಗುಲಲ್ಲಿ ರೊಟ್ಟಿ ಹಂಚಿಗಿಂತ ತುಸು ದೊಡ್ಡದಾದ ಸೋಲಾರ್ ಫಲಕವೊಂದು ಬಿಸಿಲು ಕಾಯಿಸಿಕೊಳ್ಳುತ್ತ ಕೂತಿರುತ್ತದೆ. ಫಲಕ ಬೀದರ ಪೇಟೆಯದು, ಪಂಖದ ಮೋಟಾರು ಔರಾದಿನ ನನ್ನ ತಂಗಿಯ ಮನೆಯ ಅಟ್ಟದ್ದು, ಎರಡನ್ನೂ ಕೂಡಿಸಿ ಕಟ್ಟಿದ ಜಂಬ ಮಾತ್ರ ಪೂರ್ತಿ ನಮ್ಮ ಯಜಮಾನರದು. ನಾಲ್ಕನೆಯ ಇಯತ್ತೆಗೇ ಶಾಲೆ ಬಿಟ್ಟ ನನಗೆ ವಿದ್ಯುತ್ತಿನ ವಿದ್ಯೆ ತಿಳಿಯದು. ಹಗಲು ಸೂರ್ಯ, ಸಂಜೆ ಗಾಳಿ, ಇಬ್ಬರೂ ಬಂದು ಫೋನಿಗೆ ಮೇವು ಹಾಕಿ ಹೋಗುತ್ತಾರೆ ಎಂಬಷ್ಟು ತಿಳಿಯುತ್ತದೆ, ನೋಡಿ.

ಒಂದು ಬರದ ವರ್ಷ ನಮ್ಮೂರು ಹಲಬರ್ಗಾಕ್ಕೆ ಕರೆಂಟು ಬೀಗರಂತೆ ಬರುತ್ತಿತ್ತು. ಬಂದದ್ದೇ ಹೊರಡುವ ಅವಸರ. ಊರಿನ ಹರೆಯದವರೆಲ್ಲ ಪುಣೆಯತ್ತ ಕಟ್ಟಡದ ಕೆಲಸಕ್ಕೆ ಹೋಗಿದ್ದರು. ಅವರ ದನಿ ಕೇಳಬೇಕೆಂದರೆ ಊರ ಫೋನುಗಳೆಲ್ಲ ನಮ್ಮ ಮಾಳಿಗೆ ಹತ್ತಬೇಕಿತ್ತು. ನನ್ನ ಮಗ ಸೊಸೆಯೂ ಅಲ್ಲೇ; ಮೊಮ್ಮಗಳು ಹುಟ್ಟಿದ್ದೂ ಅಲ್ಲೇ. ಟ್ಯಾಂಕರ್ ನೀರಿನ ದಾರಿ ಕಾಯುವ ಎಮ್ಮೆಯನ್ನು ಬಿಟ್ಟು ನಾನು ಹೊರಡುವಂತಿರಲಿಲ್ಲ.

“ತೊಟ್ಟಲದಾಗ ಹಾಕೂ ಹೊತ್ತಿಗಿ ಫೋನ್ ಮಾಡ್ತೇನಿ. ಹೆಸರು ನೀನೇ ಅಕಿ ಕಿವ್ಯಾಗ ಹೇಳವ್ವಾ” ಎಂದಿದ್ದ ಮಗ.

ಹೆಸರನ್ನು ಮೊದಲು ಕೇಳಬೇಕಾದದ್ದು ಕೂಸಿನ ಕಿವಿಯಲ್ಲವೇ? ಹಾಗಾಗಿ ಗಂಡನಿಗೂ ಬಾಯಿ ಬಿಡಲಿಲ್ಲ ನಾನು. ನಮ್ಮ ಫೋನು ಹತ್ತದಿದ್ದರೆ ಪಿಂಕಿ ಎಂದು ಇಟ್ಟುಬಿಡಲು ಅಲ್ಲಿ ಬೀಗತಿ ಸೆರಗು ಕಟ್ಟಿ ನಿಂತಿದ್ದಳು.

ತೊಟ್ಟಿಲಿನ ದಿನವೇ ಆಕಾಶ ಮುಚ್ಚಿಕೊಂಡಿತು. ಮಳೆ ಕೊಡದ ಮೋಡ ಸೂರ್ಯನನ್ನೂ ಕೊಡಲೊಲ್ಲದು. ಗಾಳಿಯೂ ಊರವರ ಹಿಂದೆ ದುಡಿಯಲು ಹೋದಂತಿತ್ತು. ಯಜಮಾನರು ಧಾರಾಳಿಗಳಾಗಿ ಹಿಂದಿನ ದಿನ ಬಂದ ಊರ ಫೋನುಗಳನ್ನೆಲ್ಲ ಮೊದಲು ತುಂಬಿಸಿ, ನಮ್ಮದನ್ನು ಕಡೆಗೆ ಇಟ್ಟಿದ್ದರು. ಅದು ಮಗನ ನಂಬರನ್ನೂ ಹೊಟ್ಟೆಯಲ್ಲಿಟ್ಟುಕೊಂಡು ಉಸಿರು ಬಿಟ್ಟು ಮಲಗಿತ್ತು.

“ಹವಾ ಇಲ್ಲಂದ್ರ ನಾ ಏನ್ ಮಾಡ್ಲಿ? ನೀನೇ ಊದು. ಬಾಯಿ ಅಂತೂ ದಿನಾ ನಡದದ” ಎಂದರು.

ತನ್ನ ಫೋನು ಹಿಡಿದು ಆಗಷ್ಟೇ ಮೇಲೆ ಬಂದ ನೆರೆಮನೆಯ ಕಾಶಮ್ಮ ನಮ್ಮಿಬ್ಬರನ್ನೂ ನೋಡಿದಳು. “ಮನ್ಯಾಗ ಮೊರ ಇಲ್ಲೇನಕ್ಕಾ? ಕೇರಾಕ ಕಾಳಂತೂ ಇಲ್ಲ. ಪಂಖಕ್ಕ ಬೀಸೂಣು ನಡಿ.”

ಹಾಗೆ ಓಣಿಯ ಹೆಂಗಸರೆಲ್ಲ ಮೊರ ಹಿಡಿದು ಮಾಳಿಗೆ ಹತ್ತಿದರು. ಪ್ರತಿ ಸುಗ್ಗಿಗೂ ಕಣದಲ್ಲಿ ನಿಂತು, ಬಾರಪ್ಪಾ ಎಂದು ಗಾಳಿಯನ್ನು ಬೇಡಿಕೊಂಡವರು ನಾವು. ಆ ಸಾಲವನ್ನು ಈಗ ಬಡ್ಡಿಸಮೇತ ತೀರಿಸುವವರಂತೆ ಬೀಸಿದೆವು. ಪಂಖ ಗೊಣಗಿತು, ತಿರುಗಿತು. ಕೆಂಪು ದೀಪ ಕಣ್ಣು ಬಿಟ್ಟಿತು. ತೋಳು ಸೋತು ಬೀಳುವ ಹೊತ್ತಿಗೆ ಫೋನು ಎಚ್ಚೆತ್ತು ಬಡಿದುಕೊಂಡಿತು.

“ಮಹಾನಂದಾ” ಎಂದೆ, ಅಷ್ಟು ದೂರದ ಒಂದು ಎಳೆಯ ಕಿವಿಗೆ.

“ಕಣ್ಣ ತೆರದು ನಿನ್ನ ದನಿ ಹುಡಕ್ಲಿಕತ್ತಾಳವ್ವಾ” ಎಂದ ಮಗ. ಅಷ್ಟಕ್ಕೆ ಫೋನು ಮತ್ತೆ ಆರಿತು.

“ಇಂಥಾ ಬರದಾಗ ಇಷ್ಟ್ ದೊಡ್ಡ ಹೆಸರಾ?” ಎಂದರು ಯಜಮಾನರು, ಧೋತರದ ತುದಿಯಿಂದ ಕಣ್ಣೊರೆಸಿಕೊಳ್ಳುತ್ತ.

ನಾನು ಆನಂದದಲ್ಲಿ ಅಲ್ಲೇ ಕುಸಿದು ಕೂತಿದ್ದೆ. ಕಾಶಮ್ಮ ನಮ್ಮ ಫೋನು ಕಿತ್ತಿಟ್ಟು ತನ್ನದನ್ನು ಸಿಕ್ಕಿಸಿದಳು. ನನ್ನ ಮೊರವನ್ನು ನನ್ನ ಕೈಗೇ ತುರುಕಿದಳು.

“ಏಳಕ್ಕಾ, ಬೀಸು. ಈಗ ನನ್ನ ಮಗನ ಪಾಳಿ.”