ಅತ್ತೆಯ ಬೋಣಿ

ಬಿಳೇಕಹಳ್ಳಿಯಲ್ಲಿ, ಒಂದು ಕಾಲಕ್ಕೆ ನಮ್ಮ ರಾಗಿ ಹೊಲವಿದ್ದ ಜಾಗದಲ್ಲಿ, ಸೋದರತ್ತೆಯ ಪೆಟ್ರೋಲ್ ಬಂಕಿದೆ. ಸಾಲುಗಟ್ಟಿದ ಗಾಡಿಗಳನ್ನು ನೋಡಿದವರು ಅತ್ತೆ ಕೋಟಿಯಲ್ಲಿ ಮುಳುಗೇಳುತ್ತಾರೆ ಅಂದುಕೊಳ್ಳುತ್ತಾರೆ. ಲೀಟರಿಗೆ ಉಳಿಯುವ ದುಡ್ಡಿಗೆ ಅರ್ಧ ಟೀ ಕೂಡ ಬರುವುದಿಲ್ಲ ಸ್ವಾಮಿ! ಅದರಲ್ಲೇ ಸಂಬಳ, ಕರೆಂಟು, ಮುಂಗಡ ಕಟ್ಟಿ ತರಿಸುವ ಮುಂದಿನ ಲೋಡು.

ಆದರೂ ಬೆಳಗಿನ ಬೋಣಿ ಅತ್ತೆಯದೇ. ಖಾಲಿ ಮಾಡಿ ತಂದ ತಮ್ಮ ಹಳೇ ಸ್ಕೂಟರಿಗೆ ಪೆಟ್ರೋಲ್ ಹಾಕಿಸಿ, ತಮ್ಮದೇ ಕ್ಯಾಷಿಯರಿಗೆ ದುಡ್ಡು ಕೊಟ್ಟು, ಬಂಕಿಗೆ ಒಂದು ಸುತ್ತು ಹಾಕುತ್ತಾರೆ. "ಈ ಜೇಬಿಂದ ಆ ಜೇಬಿಗೆ ಹಾಕೋಕೆ ಇಷ್ಟೊಂದು ಶಾಸ್ತ್ರನಾ ಅತ್ತೆ?" ಎಂದು ರೇಗಿಸುತ್ತಿದ್ದೆ. "ಅಡುಗೆ ಮಾಡ್ದೋಳು ಮೊದ್ಲು ಉಪ್ಪು ನೋಡ್ಬೇಕು ಕಣೋ" ಎನ್ನುತ್ತಿದ್ದರು.

ಹೋದ ಮಳೆಗಾಲದಲ್ಲಿ ಒಂದು ಸಂಜೆ ಲೋಡು ಬಂದು ನೆಲದಡಿಯ ಟ್ಯಾಂಕು ತುಂಬಿತು. ರಾತ್ರಿಯಿಡೀ ಮಳೆ ಹೊಯ್ದಿತು. ಬೆಳಿಗ್ಗೆ ಸೂಪರ್‌ವೈಸರ್ ನೀರು ಪತ್ತೆಹಚ್ಚುವ ಪೇಸ್ಟ್ ಬಳಿದ ಕೋಲನ್ನು ಟ್ಯಾಂಕಿಗೆ ಇಳಿಸಿ ನೋಡಿದ. ಬಣ್ಣ ಬದಲಾಗಲಿಲ್ಲ. "ಕ್ಲೀನ್ ಇದೆ ಅಕ್ಕ, ಶುರು ಮಾಡೋಣ" ಎಂದ. ಅಷ್ಟರಲ್ಲಿ ಗಾಡಿಗಳ ಸಾಲು ರಸ್ತೆ ಮುಟ್ಟಿತ್ತು.

ಅತ್ತೆ ಬೋಣಿ ಮಾಡಿದರು. ಅರ್ಧ ಸುತ್ತಿಗೇ ಸ್ಕೂಟರ್ ಕೆಮ್ಮಿ ನಿಂತಿತು.

"ಹಳೇ ಗಾಡಿ ಅತ್ತೆ" ಎಂದೆ. ಅವರು ಗಾಜಿನ ಜಾಡಿಯಲ್ಲಿ ಪೆಟ್ರೋಲ್ ಹಿಡಿಸಿ ಬೆಳಕಿಗೆ ಎತ್ತಿದರು. ತಳದಲ್ಲಿ ನೀರು ಬೇರೆಯಾಗಿ ನಿಂತಿತ್ತು. ಪೆಟ್ರೋಲಿನಲ್ಲಿರುವ ಎಥನಾಲ್ ಜೊತೆ ಬೆರೆತ ನೀರು ಕೋಲಿನ ಪೇಸ್ಟಿಗೆ ಸಿಕ್ಕಿರಲಿಲ್ಲ. ಅವರ ಕೈಯಲ್ಲಿದ್ದ ದುಡ್ಡೆಲ್ಲ ಆ ಲೋಡಿನಲ್ಲಿತ್ತು.

"ಸ್ವಲ್ಪನೇ ಅಲ್ವಾ ಅಕ್ಕ, ನಡೆದೋಗುತ್ತೆ..." ಎಂದು ಸೂಪರ್‌ವೈಸರ್ ರಾಗ ಎಳೆದ.

"ಮುಚ್ಚು ಬಂಕ್ನ."

'ಸ್ಟಾಕ್ ಇಲ್ಲ' ಬೋರ್ಡು ನಿಂತಿತು. "ರೇಟ್ ಏರ್ಲಿ ಅಂತ ಬಚ್ಚಿಟ್ಕೊಂಡವ್ರೆ, ಕಳ್ರು!" ಎಂದು ಒಬ್ಬ ಕೂಗಿದ. ನಾನು ಜಗಳಕ್ಕೆ ನುಗ್ಗಹೊರಟರೆ ಅತ್ತೆ ತೋಳು ಹಿಡಿದು ನಿಲ್ಲಿಸಿದರು. "ಬೈದೋರು ನಾಳೆ ಬರ್ತಾರೆ. ಗಾಡಿ ಕೆಟ್ಟೋರು ಬರಲ್ಲ."

ಟ್ಯಾಂಕು ಬರಿದು ಮಾಡಿಸಿ ತೊಳೆಸಿದರು. ಎಫ್‌ಡಿ ಮುರಿಸಿ ಹೊಸ ಲೋಡು ತರಿಸಿದರು. ಮರುದಿನ ಮತ್ತೆ ಅದೇ ಸಾಲು, ಬೈದವನೂ ಅದರಲ್ಲೇ ಇದ್ದ. ಸ್ಕೂಟರ್ ಮಾತ್ರ ಇನ್ನೂ ಮೆಕ್ಯಾನಿಕ್ ಬಳಿ ಇತ್ತು. ಅತ್ತೆ ನನ್ನ ಕಡೆ ತಿರುಗಿದರು.

"ನಿನ್ ಬೈಕ್ ತಾರೋ. ದುಡ್ಡೂ ನಿಂದೇ."

ಹೊಚ್ಚಹೊಸ ಬೈಕು, ಮೊದಲ ಕಂತೂ ಕಟ್ಟಿರಲಿಲ್ಲ. ಜೀವ ಕೈಯಲ್ಲಿ ಹಿಡಿದು ಸುತ್ತು ಹೊರಟೆ. ಅತ್ತೆ ನನ್ನನ್ನು ನೋಡಲಿಲ್ಲ. ಕಣ್ಣು ಮುಚ್ಚಿ ಇಂಜಿನ್ ಸದ್ದು ಕೇಳುತ್ತಿದ್ದರು. ಸುತ್ತು ಮುಗಿಯಿತು.

"ಹ್ಞೂಂ, ಶುರು ಮಾಡ್ರಪ್ಪ" ಎಂದರು.

ನಾನು ಬೈಕಿನಿಂದ ಇಳಿದೆ. ಅಬ್ಬಾ, ಈ ಹೆಂಗಸು ಇಷ್ಟು ವರ್ಷ ದಿನಾ ಬೆಳಿಗ್ಗೆ ಈ ಸುತ್ತು ಹಾಕಿದ್ದಾರೆ, ನಾನು ಪಕ್ಕದಲ್ಲಿ ನಿಂತು ನಗುತ್ತಿದ್ದೆ.