ಹಾರ್ಲನ್ ಮುಂದೆ ನಾನಿಟ್ಟ ಎರಡು ಕಾರ್ಡು

2024ರ ಅಕ್ಟೋಬರ್ ಕೊನೆಯ ವಾರ. ಡ್ಯಾಲಸ್ ನಗರದ ಉತ್ತರ ಭಾಗದ ಒಂದು ರಿಹ್ಯಾಬ್ ಕೇಂದ್ರದಲ್ಲಿ ನಾನು ಹಿರಿಯ ಸ್ಪೀಚ್ ಥೆರಪಿಸ್ಟ್ ಆಗಿದ್ದೆ. ಆಸ್ಪತ್ರೆಯಿಂದ ಬಿಡುಗಡೆಯಾದರೂ ಮನೆಗೆ ಹೋಗುವಷ್ಟು ಚೇತರಿಸಿಕೊಳ್ಳದ ರೋಗಿಗಳು ಕೆಲವು ವಾರ ಇರುವ ಜಾಗ ಅದು. ಮೈಸೂರಿನಲ್ಲಿ ವಾಕ್ ಮತ್ತು ಶ್ರವಣ ಓದಿ ಈ ದೇಶಕ್ಕೆ ಬಂದಿದ್ದ ನನಗೆ ಆಗಲೇ ಇಪ್ಪತ್ತೊಂದು ವರ್ಷಗಳ ಅನುಭವವಾಗಿತ್ತು. ಹೆಗ್ಗಳಿಕೆಗಾಗಿ ಇದನ್ನು ಹೇಳುತ್ತಿಲ್ಲ. ಮುಂದೆ ಬರೆಯಲಿರುವುದು ಹೊಸಬಳೊಬ್ಬಳ ತಪ್ಪಲ್ಲ ಎಂದು ಓದುವವರಿಗೆ ಮೊದಲೇ ತಿಳಿದಿರಲಿ. ರೋಗಿಯ ಹೆಸರನ್ನೂ ಗುರುತು ಸಿಗುವಂಥ ವಿವರಗಳನ್ನೂ ಬದಲಿಸಿದ್ದೇನೆ.

ಅವರನ್ನು ಹಾರ್ಲನ್ ಎಂದು ಕರೆಯುತ್ತೇನೆ. ಎಪ್ಪತ್ತೆರಡು ವರ್ಷ, ನಿವೃತ್ತ ಸರ್ವೆಯರ್. ಮೆದುಳಿನ ಎಡಭಾಗದಲ್ಲಿ ಸ್ಟ್ರೋಕ್ ಆಗಿತ್ತು. ಅದರಿಂದ ಅವರಿಗೆ ಎರಡು ತೊಂದರೆಗಳು ಉಳಿದಿದ್ದವು, ಎರಡೂ ನನ್ನ ಕೆಲಸಕ್ಕೆ ಸೇರಿದವು. ಮೊದಲನೆಯದು ಅಫೇಸಿಯಾ: ಹೇಳಬೇಕಾದದ್ದು ಮನಸ್ಸಿನಲ್ಲಿರುತ್ತದೆ, ಪದ ಸಿಗುವುದಿಲ್ಲ. ಒಂದೊಂದೇ ಪದ ಹೆಕ್ಕಿ ಆಡುತ್ತಿದ್ದರು. ಎರಡನೆಯದು ನುಂಗುವ ತೊಂದರೆ. ನುಂಗಿದ್ದರಲ್ಲಿ ಸ್ವಲ್ಪ ಭಾಗ ಅನ್ನನಾಳಕ್ಕೆ ಹೋಗದೆ ಶ್ವಾಸನಾಳಕ್ಕೆ ಜಾರುತ್ತಿತ್ತು, ಜಾರಿದ್ದು ಅವರಿಗೆ ತಿಳಿಯುತ್ತಲೂ ಇರಲಿಲ್ಲ, ಕೆಮ್ಮು ಬರುತ್ತಿರಲಿಲ್ಲ. ಹೀಗಾದರೆ ನ್ಯುಮೋನಿಯಾ ಬರಬಹುದು, ಸಾವೂ ಬರಬಹುದು.

ಆಸ್ಪತ್ರೆಯಿಂದ ಬರುವಾಗಲೇ ಮೂಗಿನ ಮೂಲಕ ಆಹಾರ ಕೊಡುವ ಟ್ಯೂಬ್ ಹಾಕಿಕೊಂಡು ಬಂದಿದ್ದರು. ಅದನ್ನು ಬಹಳ ದಿನ ಇಡುವಂತಿಲ್ಲ. ನವೆಂಬರ್ ನಡುವಿನ ಹೊತ್ತಿಗೆ ಎರಡರಲ್ಲಿ ಒಂದನ್ನು ತೀರ್ಮಾನಿಸಬೇಕಿತ್ತು: ಹೊಟ್ಟೆಗೆ ನೇರವಾಗಿ ಪೆಗ್ ಟ್ಯೂಬ್ ಹಾಕಿ ಬಾಯಿಯ ಊಟ ನಿಲ್ಲಿಸುವುದು, ಇಲ್ಲವೇ ಅಪಾಯ ತಿಳಿದೇ ಬಾಯಲ್ಲಿ ತಿನ್ನುವುದು. ನಮ್ಮ ಕೇಂದ್ರದ ಡಾಕ್ಟರ್ ರೀವ್ಸ್ ಪೆಗ್ ಬೇಕೆಂದರು. ಮಗಳು ಲಾರಾ ಕೂಡ ಅದನ್ನೇ ಬಯಸಿದಳು. ಹ್ಯೂಸ್ಟನ್‌ನ ತೈಲ ಕಂಪನಿಗಳ ಎನರ್ಜಿ ಕಾರಿಡಾರ್ ಪ್ರದೇಶದಲ್ಲಿ ಎಂಜಿನಿಯರ್ ಆಗಿದ್ದ ಆಕೆ ಪ್ರತಿ ಶುಕ್ರವಾರ ಕೆಲಸ ಮುಗಿಸಿ ನಾಲ್ಕು ಗಂಟೆ ಡ್ರೈವ್ ಮಾಡಿಕೊಂಡು ಬರುತ್ತಿದ್ದಳು. ಹಾರ್ಲನ್ ಮಾತ್ರ ಟ್ಯೂಬಿನ ಚಿತ್ರವನ್ನು ಎಡಗೈಯಿಂದ ಆಚೆ ತಳ್ಳಿ, ತುಟಿಗೆ ಬೆರಳು ಮುಟ್ಟಿಸಿದರು.

"ಇಲ್ಲ. ಬಾಯಿ."

ರೋಗಿಗೆ ಬೇಡವೆನ್ನುವ ಹಕ್ಕಿದೆ. ಆದರೆ ಯೋಚಿಸಿ ಬೇಡ ಎನ್ನುತ್ತಿದ್ದಾರೆ ಎಂದು ವೈದ್ಯರಿಗೆ ಖಾತ್ರಿಯಾಗಬೇಕು. ಇದನ್ನು ಕೆಪ್ಯಾಸಿಟಿ ಎನ್ನುತ್ತಾರೆ: ವಿಷಯ ಅರ್ಥವಾಗಬೇಕು, ಅದು ತನಗೇ ಸಂಬಂಧಿಸಿದ್ದೆಂದು ಗೊತ್ತಿರಬೇಕು, ಕಾರಣ ಕೂಡಿಸಿ ಯೋಚಿಸಬೇಕು, ಆಯ್ಕೆಯನ್ನು ತಿಳಿಸಬೇಕು. ಕೆಪ್ಯಾಸಿಟಿ ಇಲ್ಲವೆಂದು ವೈದ್ಯರು ಬರೆದರೆ ತೀರ್ಮಾನ ಲಾರಾಳದು. ಹಾರ್ಲನ್ ಮೊದಲೇ ಅವಳಿಗೆ ಆ ಅಧಿಕಾರ ಬರೆದುಕೊಟ್ಟಿದ್ದರು. ಮಾತೇ ಬಾರದವರು ಯೋಚಿಸಬಲ್ಲರೋ ಇಲ್ಲವೋ ಎಂದು ಅಳೆಯುವುದು ಹೇಗೆ? ಡಾಕ್ಟರ್ ಅದನ್ನು ನನಗೆ ಬಿಟ್ಟರು. ನಮ್ಮಲ್ಲಿದ್ದ ಪರೀಕ್ಷೆಗಳೆಲ್ಲ ಮಾತಿನ ಮೇಲೆಯೇ ನಿಂತಿದ್ದವು. ಅವುಗಳಲ್ಲಿ ಹಾರ್ಲನ್ ಸೋತರು.

ಅವರ ಮಾತು ಚುರುಕಾಗುತ್ತಿದ್ದದ್ದು ಒಂದೇ ವಿಷಯಕ್ಕೆ, ಅಮೆರಿಕದವರ ಕಾಲೇಜು ಫುಟ್‌ಬಾಲ್‌ಗೆ. ಈ ಆಟದ ಬಗ್ಗೆ ನನಗೆ ಹೆಚ್ಚು ಗೊತ್ತಿರಲಿಲ್ಲ, ತಿಳಿದುಕೊಂಡದ್ದು ಇಷ್ಟು. ನೂರಕ್ಕೂ ಹೆಚ್ಚು ಕಾಲೇಜು ತಂಡಗಳಿವೆ, ಒಂದೊಂದೂ ಆಡುವುದು ಹನ್ನೆರಡು ಪಂದ್ಯಗಳಷ್ಟೇ. ಕಾನ್ಫರೆನ್ಸ್ ಎಂಬ ಗುಂಪುಗಳಾಗಿ, ಬಹುಪಾಲು ತಮ್ಮತಮ್ಮೊಳಗೇ ಆಡಿಕೊಳ್ಳುತ್ತವೆ. ಎಲ್ಲರೂ ಎಲ್ಲರನ್ನೂ ಎದುರಿಸದಿದ್ದ ಮೇಲೆ ಯಾರು ಮೇಲು ಎಂದು ಹೇಳುವುದು ಹೇಗೆ? ಒಂದು ಸಮಿತಿ ಕೂತು ಪಟ್ಟಿ ಮಾಡುತ್ತದೆ. ಕೊನೆಗೆ ಹನ್ನೆರಡು ತಂಡಗಳಿಗೆ ಪ್ಲೇಆಫ್ ಎಂಬ ಅಂತಿಮ ಹಂತದಲ್ಲಿ ಜಾಗ. ನವೆಂಬರಿನಲ್ಲಿ ಪ್ರತಿ ಮಂಗಳವಾರ ಸಂಜೆ ಪಟ್ಟಿ ಬರುತ್ತದೆ, ಬುಧವಾರ ಬೆಳಿಗ್ಗೆ ಟೆಕ್ಸಸ್‌ನ ಅರ್ಧ ಜನ ಸಮಿತಿಯನ್ನು ಬೈಯುತ್ತಾರೆ: ಇಂಥ ಕಾನ್ಫರೆನ್ಸ್ ಕಡೆಗೆ ವಾಲಿದೆ, ನಮ್ಮವರಿಗೆ ಅನ್ಯಾಯವಾಗಿದೆ.

ಹಾರ್ಲನ್ ಬುಧವಾರ ಆ ಪಟ್ಟಿಯನ್ನು ಪ್ರಿಂಟ್ ಹಾಕಿಸಿಕೊಂಡು ತೊಡೆಯ ಮೇಲಿಟ್ಟು ಕಾಯುತ್ತಿದ್ದರು. ಅವರ ಕಾಲೇಜು ಎರಡು ಸೋತಿತ್ತು. ಒಂದೇ ಸೋಲಿದ್ದ ಬೇರೆ ಕಾನ್ಫರೆನ್ಸಿನ ತಂಡ ಪಟ್ಟಿಯಲ್ಲಿ ಮೇಲಿತ್ತು.

"ಇವರು ಸೋತದ್ದು ಒಂದೇ, ನಿಮ್ಮವರು ಎರಡು. ಮತ್ತೇನು ತಕರಾರು?" ಎಂದು ಬೇಕೆಂದೇ ಕೆಣಕಿದೆ. ನಮ್ಮ ಮಾತು ಇಂಗ್ಲಿಷಿನಲ್ಲಿ ನಡೆದದ್ದು, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಅವರ ಮುಖ ಕೆಂಪಾಯಿತು. "ಯಾರ... ಯಾರ ಮೇಲೆ ಆಡಿದ್ರು? ಯಾರೂ ಇಲ್ಲ! ಸೋಲು... ಎಣಿಸಬೇಡ. ಎದುರಾಳಿ. ಎದುರಾಳಿ ಎಣಿಸು."

ಮೂರು ವಾರಗಳಲ್ಲಿ ಅವರ ಬಾಯಿಂದ ಬಂದ ಅತಿ ಉದ್ದದ ಮಾತು ಅದು. ಹಿಗ್ಗಿದೆ. ಜೊತೆಗೇ ಅನುಮಾನವೂ ಬಂತು. ಅಫೇಸಿಯಾ ಇರುವವರಿಗೆ ವರ್ಷಗಟ್ಟಲೆ ಆಡಿ ಪಳಗಿದ ಮಾತು ಯೋಚನೆಯ ನೆರವಿಲ್ಲದೆಯೂ ಹೊರಬರುವುದುಂಟು. ಪ್ರಾರ್ಥನೆ, ಬೈಗುಳ, ವಾರದ ಹೆಸರುಗಳು. ಇದು ತರ್ಕವೋ, ಬಾಯಿಪಾಠವೋ?

ಅದನ್ನು ಕಂಡುಕೊಳ್ಳಲು ನಾನೇ ಒಂದು ಪರೀಕ್ಷೆ ಕಟ್ಟಿದೆ. ಯಾವ ಪುಸ್ತಕದಲ್ಲೂ ಇಲ್ಲದ್ದು, ಯಾರ ಮೇಲೂ ಮೊದಲು ಪ್ರಯೋಗಿಸದ್ದು. ನವೆಂಬರಿನ ಮೂರನೆಯ ಬುಧವಾರ ಎರಡು ಕಾರ್ಡುಗಳನ್ನು ಮಾಡಿಕೊಂಡು ಹೋದೆ. ಹೆಸರಿಲ್ಲದ ಎರಡು ಕಾಲ್ಪನಿಕ ತಂಡಗಳು. ಮೊದಲ ಕಾರ್ಡಿನ ತಂಡಕ್ಕೆ ಎರಡು ಸೋಲು, ಎದುರಾಳಿಗಳು ಬಲಿಷ್ಠರು. ಎರಡನೆಯದಕ್ಕೆ ಒಂದು ಸೋಲು, ಎದುರಾಳಿಗಳು ದುರ್ಬಲರು. ಯಾವುದು ಮೇಲು ಎಂದು ಕೇಳಿದೆ. ಅವರು ಕಾರ್ಡುಗಳನ್ನು ಒಂದು ನಿಮಿಷ ನೋಡಿ ಮೊದಲನೆಯದನ್ನು ಮುಂದೆ ಸರಿಸಿದರು. ನಿಯಮವನ್ನು ಸರಿಯಾಗಿಯೇ ಅನ್ವಯಿಸಿದರು.

ಅಲ್ಲಿಗೆ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. ಎರಡನೆಯ ಕಾರ್ಡಿನ ಮೇಲೆ ಅವರ ಕಾಲೇಜಿನ ಹೆಸರು ಬರೆದೆ. ಮೊದಲನೆಯದರ ಮೇಲೆ ಅವರ ಬದ್ಧವೈರಿ ಕಾಲೇಜಿನ ಹೆಸರು.

"ಈಗ?"

ಹಾರ್ಲನ್ ತಮ್ಮ ಕಾಲೇಜಿನ ಕಾರ್ಡನ್ನು ಎತ್ತಿ ಮೇಲಿಟ್ಟರು. ವೈರಿಯ ಕಾರ್ಡನ್ನು ಬೆರಳಿನಿಂದ ಕುಟ್ಟಿದರು. "ಎರಡು ಸೋಲು. ಎರಡು!"

"ಸೋಲು ಎಣಿಸಬೇಡ ಅಂದಿರಲ್ಲ?"

"ಅದು ಬೇರೆ," ಎಂದು ನಕ್ಕರು.

ಮಧ್ಯಾಹ್ನ ರಿಪೋರ್ಟ್ ಬರೆದೆ. ಅದರ ಒಂದು ವಾಕ್ಯ ನನಗೆ ಇಂದಿಗೂ ಬಾಯಿಪಾಠವಿದೆ: "ತಾನೇ ಹೇಳಿದ ನಿಯಮವನ್ನು ಎರಡು ಸಂದರ್ಭಗಳಿಗೆ ಸಮನಾಗಿ ಅನ್ವಯಿಸಲು ರೋಗಿ ಅಸಮರ್ಥ, ಕಾರಣ ಕೂಡಿಸುವ ಶಕ್ತಿ ಅಸ್ಥಿರ." ಅವರು ನಕ್ಕದ್ದನ್ನು ಬರೆಯಲಿಲ್ಲ. ಸುಳ್ಳು ಬರೆಯಬೇಕೆಂಬ ಉದ್ದೇಶವಿರಲಿಲ್ಲ. ನಗು ಫಲಿತಾಂಶಕ್ಕೆ ಸೇರಿದ್ದಲ್ಲ ಎನ್ನಿಸಿತ್ತು, ಅಷ್ಟೇ.

ಡಾಕ್ಟರ್ ಆ ವಾಕ್ಯವನ್ನು ತಮ್ಮ ಟಿಪ್ಪಣಿಗೆ ಎತ್ತಿಕೊಂಡರು. ಕೆಪ್ಯಾಸಿಟಿ ಇಲ್ಲ ಎಂದಾಯಿತು. ಗುರುವಾರ ಲಾರಾ ರಜೆ ಹಾಕಿ ಬಂದು ಸಹಿ ಮಾಡಿದಳು. ಶುಕ್ರವಾರ ಪೆಗ್ ಟ್ಯೂಬ್ ಹಾಕಿದರು.

ಭಾನುವಾರ ನಮ್ಮ ಮನೆಗೆ ನನ್ನ ಮೈದುನ ರಾಘು ಬಂದಿದ್ದ. ಆಸ್ಟಿನ್‌ನ ಡೊಮೇನ್ ಎಂಬ ಬಡಾವಣೆಯಲ್ಲಿ ಅವನ ಆಫೀಸು. ಎಂ.ಎಸ್. ಮಾಡಿದ್ದು ಇಲ್ಲಿಯದೇ ಒಂದು ಯೂನಿವರ್ಸಿಟಿಯಲ್ಲಿ, ಅಂದಿನಿಂದ ಆ ತಂಡದ ಭಕ್ತ. ಅಣ್ಣತಮ್ಮಂದಿರಿಬ್ಬರೂ ಧಾರವಾಡದವರು, ಊಟಕ್ಕೆ ಕೂತರೆ ವಾದವಿಲ್ಲದೆ ಏಳುವವರಲ್ಲ. ರೊಟ್ಟಿ, ಎಣಗಾಯಿ ಬಡಿಸುತ್ತಿದ್ದಂತೆ ಪ್ಲೇಆಫ್ ಪಟ್ಟಿಯ ಮಾತು ಬಂತು.

"ಸೋಲು ಏನ್ ಎಣಸ್ತಿ ಅಣ್ಣಾ? ಯಾರ ಜೋಡಿ ಆಡ್ಯಾರ ನೋಡು," ಎಂದ ರಾಘು. "ನಮ್ಮ ಕಾನ್ಫರೆನ್ಸ್‌ನ್ಯಾಗ ಒಂದರ ಹಗುರ ಮ್ಯಾಚ್ ಅದ ಏನು? ಸಮಿತಿಯವ್ರಿಗೆ ಕಣ್ಣಿಲ್ಲ."

ನನ್ನ ಗಂಡ ಶ್ರೀಧರ, ಪಟ್ಟಿಯಲ್ಲಿ ರಾಘುವಿನ ತಂಡಕ್ಕಿಂತ ಕೆಳಗಿದ್ದ ಇನ್ನೊಂದು ತಂಡದ ಹೆಸರೆತ್ತಿ, ಅವರು ಇನ್ನೂ ಗಟ್ಟಿ ಎದುರಾಳಿಗಳ ಜೊತೆ ಆಡಿದ್ದಾರಲ್ಲ ಎಂದ.

"ಅವರಾ? ಎರಡು ಸೋಲ್ ಆಗ್ಯಾವ. ಮುಗೀತು!"

"ಈಗ ಇನ್ನಾ ಸೋಲು ಎಣಸಬ್ಯಾಡ ಅಂದ್ಯಲ್ಲೋ?"

"ಅದು ಬ್ಯಾರೆ, ಇದು ಬ್ಯಾರೆ," ಎಂದು ರಾಘು ನಕ್ಕ.

ನಾನು ರೊಟ್ಟಿಯ ತಟ್ಟೆಯನ್ನು ಹಿಡಿದು ನಿಂತೇ ಇದ್ದೆ. "ಹೇಗೆ ಬೇರೆ, ರಾಘು?" ಎಂದೆ.

"ವೈನೀ, ಇದು ನಮ್ಮ ಕಾಲೇಜ್ ರೀ!"

"ಹೆತ್ತವರಿಗೆ ಹೆಗ್ಗಣ ಮುದ್ದು," ಎಂದ ಶ್ರೀಧರ. ಎಲ್ಲರೂ ನಕ್ಕರು. ರಾಘು ಎಲ್ಲರಿಗಿಂತ ಜೋರಾಗಿ ನಕ್ಕ. ಅವನು ಬೆಳಿಗ್ಗೆಯಿಂದ ಸಂಜೆಯವರೆಗೆ ದೊಡ್ಡ ಕಂಪನಿಯೊಂದರ ಸಾಫ್ಟ್‌ವೇರ್‌ನಲ್ಲಿ ತಪ್ಪು ಹುಡುಕುವವನು. ಅವನಿಗೆ ಕೆಪ್ಯಾಸಿಟಿ ಇಲ್ಲವೆಂದು ಯಾರು ಬರೆದಾರು? ಕ್ರಿಕೆಟ್ ನೋಡುವಾಗ ನಾನೇ ಎಷ್ಟು ಸಲ ಅದೇ ಎಲ್‌ಬಿಡಬ್ಲ್ಯೂವನ್ನು ನಮ್ಮವರಿಗೆ ನಾಟ್ ಔಟ್, ಎದುರಿನವರಿಗೆ ಔಟ್ ಎಂದಿಲ್ಲ? ಪಕ್ಷಪಾತವನ್ನು ನಾನು ರೋಗದ ಲೆಕ್ಕಕ್ಕೆ ಹಾಕಿದ್ದೆ. ಹಾರ್ಲನ್ ನಕ್ಕದ್ದು ತಮ್ಮ ಪಕ್ಷಪಾತ ತಮಗೇ ಗೊತ್ತಿದ್ದುದರಿಂದ. ನಿಯಮ ಮುರಿದದ್ದು ತಿಳಿಯಬೇಕಾದರೆ ನಿಯಮ ನೆನಪಿನಲ್ಲಿರಬೇಕು.

"ಅಮ್ಮಾ, ಆರ್ ಯೂ ಓಕೆ? ಇಟ್ಸ್ ಜಸ್ಟ್ ಫುಟ್‌ಬಾಲ್," ಎಂದಳು ನನ್ನ ಮಗಳು.

ಸೋಮವಾರ ಏಳೂವರೆಗೆ ಹಾರ್ಲನ್ ಕೋಣೆಗೆ ಹೋದೆ. ಅವರ ಎಡಗೈಗೆ ಬಿಳಿಯ ದಪ್ಪ ಗವುಸು ತೊಡಿಸಿದ್ದರು, ಬೆರಳು ಆಡದಂಥದ್ದು. ಶನಿವಾರ ಟ್ಯೂಬ್ ಎಳೆದುಕೊಳ್ಳಲು ನೋಡಿದರಂತೆ. ಬಲಗೈ ಸ್ಟ್ರೋಕಿನಿಂದ ಬಿದ್ದುಹೋಗಿತ್ತು, ಹಾಗಾಗಿ ಅದಕ್ಕೆ ಗವುಸು ಬೇಕಾಗಿರಲಿಲ್ಲ. ನನ್ನನ್ನು ನೋಡಿ ಗೋಡೆಯ ಕಡೆ ಮುಖ ತಿರುಗಿಸಿದರು.

ಡಾಕ್ಟರ್ ರೀವ್ಸ್ ಹತ್ತಿರ ಹೋಗಿ ನನ್ನ ರಿಪೋರ್ಟ್ ತಪ್ಪು ಎಂದೆ.

"ತಪ್ಪು ಅಂದರೆ? ಅವರು ಹಾಗೆ ಉತ್ತರಿಸಲಿಲ್ಲವೇ?"

"ಉತ್ತರಿಸಿದರು. ಅದರಿಂದ ನಾನು ತೆಗೆದ ತೀರ್ಮಾನ ತಪ್ಪು. ಆ ಪರೀಕ್ಷೆಯಲ್ಲಿ ನಮ್ಮ ಮನೆಯವರೂ ಫೇಲ್ ಆಗುತ್ತಾರೆ. ನಾನೂ ಆಗುತ್ತೇನೆ."

ಅವರು ನನ್ನ ರಿಪೋರ್ಟ್ ತೆರೆದು ಆ ವಾಕ್ಯವನ್ನು ಮತ್ತೆ ಓದಿದರು. "ಬರೆದುಕೊಡಿ. ಪರೀಕ್ಷೆ ನಿಮ್ಮ ಸ್ವಂತದ್ದು ಅನ್ನುವುದನ್ನೂ ಬರೆಯಿರಿ."

ಬರೆದೆ. ಮಾನ್ಯತೆಯಿಲ್ಲದ ಪರೀಕ್ಷೆ ಬಳಸಿದ್ದು, ಹೆಸರಿಲ್ಲದ ಕಾರ್ಡುಗಳಲ್ಲಿ ಅವರು ಸರಿಯಾಗಿ ಉತ್ತರಿಸಿದ್ದು, ಕೊನೆಗೆ ಅವರು ನಕ್ಕದ್ದು, ಎಲ್ಲವನ್ನೂ ಸೇರಿಸಿದೆ. ಅದೇ ಮಧ್ಯಾಹ್ನ ಡಾಕ್ಟರ್ ಎದುರಿನಲ್ಲಿ ಹೊಸದಾಗಿ ವಿಚಾರಿಸಿದೆವು. ಈ ಸಲ ಫುಟ್‌ಬಾಲ್ ಇಲ್ಲ. ಗವುಸು ಬಿಚ್ಚಿ, ಚಿತ್ರಗಳನ್ನು ಮುಂದಿಟ್ಟೆ: ಊಟದ ತಟ್ಟೆ, ಟ್ಯೂಬ್, ಕಫ ತುಂಬಿದ ಶ್ವಾಸಕೋಶ, ಆಸ್ಪತ್ರೆಯ ಹಾಸಿಗೆ, ಸಮಾಧಿ. ಹಾರ್ಲನ್ ತಟ್ಟೆಯ ಚಿತ್ರ ಎತ್ತಿಕೊಂಡರು. ಅದರ ಪಕ್ಕಕ್ಕೆ ತಾವೇ ಶ್ವಾಸಕೋಶವನ್ನು ಸರಿಸಿದರು, ಆಮೇಲೆ ಸಮಾಧಿಯನ್ನು. ಎದೆಯ ಮೇಲೆ ಕೈಯಿಟ್ಟುಕೊಂಡರು.

"ಗೊತ್ತು. ಸಾಯ್ತೀನಿ. ಗೊತ್ತು. ಬಾಯಿ."

ಕೆಪ್ಯಾಸಿಟಿ ಇದೆ ಎಂದು ಡಾಕ್ಟರ್ ಬರೆದರು. ಗವುಸು ಹೋಯಿತು. ಆದರೆ ಪೆಗ್ ಟ್ಯೂಬನ್ನು ಹಾಕಿದ ವಾರದಲ್ಲೇ ತೆಗೆಯುವಂತಿಲ್ಲ, ಹೊಟ್ಟೆಯ ರಂಧ್ರದ ಸುತ್ತ ಗಾಯ ಮಾಯಬೇಕು. ಬಳಸದಿದ್ದರೂ ಅದು ಆರು ವಾರ ಅವರ ಮೈಮೇಲಿತ್ತು. ನನ್ನ ಒಂದು ವಾಕ್ಯ ಇಲ್ಲದಿದ್ದರೆ ಅದು ಅಲ್ಲಿ ಇರುತ್ತಲೇ ಇರಲಿಲ್ಲ.

ಆ ಶುಕ್ರವಾರ ಲಾರಾ ನನ್ನನ್ನು ಕಾರಿಡಾರಿನಲ್ಲಿ ನಿಲ್ಲಿಸಿದಳು. ಕೂಗಾಡುತ್ತಾಳೆಂದುಕೊಂಡೆ. ಮೆಲ್ಲಗೆ ಹೇಳಿದಳು: "ಸಹಿ ಹಾಕುವಾಗ ಅಪ್ಪ ನನ್ನ ಕೈ ಹಿಡಿದುಕೊಂಡಿದ್ದರು. ಅವರಿಗೆ ತಿಳಿಯುವುದಿಲ್ಲ ಅಂತ ನೀವು ಬರೆದಿದ್ದಿರಿ. ಬಿಡಿಸಿಕೊಂಡು ಸಹಿ ಹಾಕಿದೆ."

ಕ್ಷಮಿಸಿ ಎಂದೆ. ಆಕೆ ತಲೆಯಾಡಿಸಿ ಒಳಗೆ ಹೋದಳು.

ಗದ್ದ ತಗ್ಗಿಸಿ ನುಂಗುವುದು, ಒಂದು ತುತ್ತಿಗೆ ಎರಡು ಸಲ ನುಂಗುವುದು, ಹೀಗೆ ಕಲಿಸಬಹುದಾದದ್ದನ್ನೆಲ್ಲ ಹಾರ್ಲನ್‌ಗೆ ಕಲಿಸಿದೆ. ಅವರು ಕಲಿತರು. ಆದರೆ ಮತ್ತೆಂದೂ ಬುಧವಾರದ ಪಟ್ಟಿಯನ್ನು ನನಗೆ ತೋರಿಸಲಿಲ್ಲ. ಡಿಸೆಂಬರಿನಲ್ಲಿ ಕೊನೆಯ ಪಟ್ಟಿ ಬಂದಾಗ ನಾನಾಗಿಯೇ ಮಾತೆತ್ತಿದೆ. ಅವರು ನನ್ನನ್ನು ಒಂದು ಕ್ಷಣ ನೋಡಿ, "ಪರೀಕ್ಷೆ?" ಎಂದರು. ಅಲ್ಲವೆಂದೆ. ಅವರು ನಂಬಲಿಲ್ಲ. ಜನವರಿಯಲ್ಲಿ ಟ್ಯೂಬ್ ತೆಗೆಸಿಕೊಂಡು ತಮ್ಮ ಇಷ್ಟದಿಂದಲೇ ಮಗಳ ಜೊತೆ ಹ್ಯೂಸ್ಟನ್‌ಗೆ ಹೋದರು.

ಏಪ್ರಿಲ್‌ನಲ್ಲಿ ಅವರಿಗೆ ನ್ಯುಮೋನಿಯಾ ಬಂತು. ಮೇ ತಿಂಗಳಲ್ಲಿ ಎರಡನೆಯ ಸಲ ಬಂದಾಗ ತೀರಿಕೊಂಡರು. ಜೂನ್‌ನಲ್ಲಿ ಲಾರಾ ಫೋನ್ ಮಾಡಿದಳು.

"ಒಂದು ವಿಷಯ ಕೇಳಬೇಕು. ನೀವು ಎರಡನೇ ಸಲ ಬರೆಯದಿದ್ದರೆ ಅಪ್ಪ ಈಗ ಇರುತ್ತಿದ್ದರಾ?"

"ಟ್ಯೂಬ್ ಇದ್ದವರಿಗೂ ನ್ಯುಮೋನಿಯಾ ಬರುತ್ತದೆ," ಎಂದೆ. ಅದು ನಿಜ, ಆದರೆ ಪೂರ್ತಿ ನಿಜವಲ್ಲ. "ಇರಬಹುದಿತ್ತು, ಲಾರಾ."

"ಮತ್ತೆ ಯಾವುದು ಸರಿ? ಮೊದಲನೆಯದೋ, ಎರಡನೆಯದೋ?"

"ಮೊದಲು ಬರೆದದ್ದು ತಪ್ಪು. ಅವರಿಗೆ ಗೊತ್ತಿತ್ತು. ಅದಕ್ಕಿಂತ ಹೆಚ್ಚು ನನಗೆ ಹೇಳಲು ಬರುವುದಿಲ್ಲ."

"ಒಂದು ತಟ್ಟೆ ಊಟಕ್ಕೆ ಒಂದೂವರೆ ಗಂಟೆ ಬೇಕಾಗುತ್ತಿತ್ತು. ದಿನಾ ನನ್ನ ಎದುರಿಗೆ ಕೂತು ತಿಂದರು," ಎಂದು ಹೇಳಿ ಫೋನ್ ಇಟ್ಟಳು. ಅದು ಕ್ಷಮೆಯೋ ದೂರೋ ನನಗೆ ತಿಳಿಯಲಿಲ್ಲ. ತಿಳಿದಂತೆ ಬರೆಯುವುದೂ ಸರಿಯಲ್ಲ.

ಈಗಲೂ ಅದೇ ಕೆಲಸದಲ್ಲಿದ್ದೇನೆ. ರಿಪೋರ್ಟಿನಲ್ಲಿ ರೋಗಿ ಮಾಡಿದ್ದನ್ನೂ ಅದರಿಂದ ನಾನು ಊಹಿಸಿದ್ದನ್ನೂ ಬೇರೆಬೇರೆ ಪ್ಯಾರಾಗಳಲ್ಲಿ ಬರೆಯುತ್ತೇನೆ. ಊಹೆ ಯಾವಾಗಲೂ ಚಿಕ್ಕದಾಗಿರುತ್ತದೆ. ಕೈಗೆ ಬಂದ ಹೊಸ ಪರೀಕ್ಷೆಯನ್ನು ಮೊದಲು ಆರೋಗ್ಯವಾಗಿರುವ ನಾಲ್ಕು ಜನರಿಗೆ ಕೊಟ್ಟು ನೋಡುತ್ತೇನೆ. ಬುದ್ಧಿ ನೆಟ್ಟಗಿರುವವರಲ್ಲಿ ನಾವು ನಕ್ಕು ಬಿಟ್ಟುಬಿಡುವುದನ್ನು ಹಾಸಿಗೆಯಲ್ಲಿರುವವರಲ್ಲಿ ರೋಗಲಕ್ಷಣವೆಂದು ಬರೆಯಬಾರದು. ಈ ಕೆಲಸ ನನಗೆ ಕಲಿಸಿದ್ದು ಇಷ್ಟು. ಕಲಿತವಳು ನಾನು. ಅದಕ್ಕಾಗಿ ಆರು ವಾರ ಹೊಟ್ಟೆಯಲ್ಲಿ ಟ್ಯೂಬ್ ಇಟ್ಟುಕೊಂಡಿದ್ದವರು ಹಾರ್ಲನ್.